ಹತ್ತೇ ಜನ ಉಳಿದಾಗ: ಹೆರಾಲ್ಡ್ ವ್ಯಾಗ್‌ಸ್ಟಾಫ್ ಮತ್ತು ನಾಲ್ಕು ಕಪ್‌ಗಳ ಸೀಸನ್

1906ರ ನವೆಂಬರ್ 10, ಶನಿವಾರ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಡರ್ಸ್‌ಫೀಲ್ಡ್ ಕ್ಲಬ್ಬಿನ ಪರವಾಗಿ ಬ್ರಾಮ್ಲಿ ತಂಡದ ಎದುರು ಒಬ್ಬ ಹುಡುಗ ಮೈದಾನಕ್ಕಿಳಿದ. ಅವನಿಗೆ ಅವತ್ತಿಗೆ 15 ವರ್ಷ 175 ದಿನ. ನಾವಾದರೆ ಆ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಪರೀಕ್ಷೆಗೆ ಹೆದರಿಕೊಂಡು ಕೂತಿದ್ವಿ. ಆ ಹುಡುಗನ ಸುತ್ತ ಇದ್ದವರು ಗಣಿ ಮತ್ತು ಗಿರಣಿಗಳಲ್ಲಿ ಮೈ ಗಟ್ಟಿ ಮಾಡಿಕೊಂಡ ಗಂಡಸರು. ಅವನನ್ನು ಕ್ಲಬ್ಬು ಸೇರಿಸಿಕೊಂಡದ್ದು 5 ಪೌಂಡಿಗೆ.

ಹೆಸರು ಹೆರಾಲ್ಡ್ ವ್ಯಾಗ್‌ಸ್ಟಾಫ್. ಹುಟ್ಟಿದ್ದು 1891ರ ಮೇ 19ರಂದು, ಹಡರ್ಸ್‌ಫೀಲ್ಡ್ ಪಕ್ಕದ ಹೋಮ್‌ಫರ್ತ್ ಎಂಬ ಉಣ್ಣೆ ಗಿರಣಿಗಳ ಊರಲ್ಲಿ. ಸತ್ತು ಎಂಬತ್ತು ವರ್ಷದ ಮೇಲಾದ ದೊಡ್ಡ ಆಟಗಾರ, ಬಹುವಚನದಲ್ಲೇ ಬರೆಯಬೇಕಿತ್ತು. ಆದರೆ ಹದಿನೈದರ ಆ ಪೋರ ಕಣ್ಣ ಮುಂದೆ ಬಂದಾಗಲೆಲ್ಲ ಅವನು ಅಂತಲೇ ಬರೆದುಬಿಡ್ತೀನಿ. ಕ್ಷಮೆ ಇರಲಿ.

ಕಥೆ ಮುಂದುವರಿಸೋಕೆ ಮುಂಚೆ ಆಟದ ಬಗ್ಗೆ ಒಂದಿಷ್ಟು ಹೇಳಬೇಕು, ಯಾಕಂದ್ರೆ ರಗ್ಬಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಒಂದೇ ಆಟ ಅಂದುಕೊಳ್ತಾರೆ. ನಾನೂ ಅಂದುಕೊಂಡಿದ್ದೆ. ರಗ್ಬಿ ಯೂನಿಯನ್ ಬೇರೆ, ರಗ್ಬಿ ಲೀಗ್ ಬೇರೆ. ಎರಡೂ ಅಣ್ಣತಮ್ಮಂದಿರು, ಆದರೆ ಮನೆ ಪಾಲಾಗಿದೆ. ಪಾಲಾದದ್ದು ದುಡ್ಡಿನ ವಿಷಯಕ್ಕೆ. ಆಗ ಉತ್ತರ ಇಂಗ್ಲೆಂಡಿನ ಕೂಲಿ ಕಾರ್ಮಿಕರು ಶನಿವಾರವೂ ಕೆಲಸ ಮಾಡ್ತಿದ್ದರು. ಪಂದ್ಯ ಆಡಬೇಕಂದ್ರೆ ಕೆಲಸ ಬಿಡಬೇಕು, ಬಿಟ್ಟರೆ ಕೂಲಿ ಹೋಯ್ತು. ಹೋದ ಕೂಲಿಯನ್ನಾದರೂ ತುಂಬಿಕೊಡೋಣ ಅಂತ ಉತ್ತರದ ಕ್ಲಬ್ಬುಗಳು ಕೇಳಿದವು. ಆಟದ ಆಡಳಿತ ನಡೆಸುತ್ತಿದ್ದವರು ಒಪ್ಪಲಿಲ್ಲ, ಆಟಕ್ಕೆ ದುಡ್ಡು ಮುಟ್ಟಿದರೆ ಮೈಲಿಗೆ ಅನ್ನೋದು ಅವರ ನಿಲುವು. ಮನೆಯಲ್ಲಿ ಆಸ್ತಿ ಇದ್ದವರಿಗೆ ಆ ನಿಲುವು ಸುಲಭ. 1895ರ ಆಗಸ್ಟ್ 29ರಂದು ಇದೇ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಬೇರೆ ಸಂಘ ಕಟ್ಟಿಕೊಂಡರು. ಅದೇ ನಾರ್ದರ್ನ್ ಯೂನಿಯನ್. ಮೊದಲಿಗೆ ಆಟಗಾರನಿಗೆ ಸಿಗುತ್ತಿದ್ದದ್ದು ಹೋದ ದಿನದ ಕೂಲಿ ಲೆಕ್ಕದಲ್ಲಿ 6 ಶಿಲ್ಲಿಂಗ್.

ಬೇರೆಯಾದ ಮೇಲೆ ಆಟವನ್ನೂ ಬದಲಿಸಿದರು. ಟಿಕೆಟ್ ಕೊಟ್ಟು ಬರೋ ಜನಕ್ಕೆ ಓಟ ಬೇಕು, ಪಾಸ್ ಬೇಕು, ಹತ್ತಾರು ಜನ ಒಬ್ಬರ ಮೇಲೊಬ್ಬರು ಬಿದ್ದ ರಾಶಿ ಬೇಡ. ಹಾಗಾಗಿ 1906ರಲ್ಲಿ ಹದಿನೈದು ಜನರ ತಂಡವನ್ನು ಹದಿಮೂರಕ್ಕೆ ಇಳಿಸಿದರು. ಹಿಡಿದು ಬೀಳಿಸಿದ ಆಟಗಾರ ಎದ್ದು ನಿಂತು ಚೆಂಡನ್ನು ಮತ್ತೆ ಆಟಕ್ಕೆ ಬಿಡಬೇಕು ಅನ್ನೋ ನಿಯಮ ಬಂತು. ಮೈದಾನದಲ್ಲಿ ಒಮ್ಮೆಗೇ ಜಾಗ ಹೆಚ್ಚಿತು. ಸಿಸ್ಟಮ್ಮಿನ ಒಂದು ಪ್ಯಾರಾಮೀಟರ್ ಬದಲಿಸಿದರೆ ಔಟ್‌ಪುಟ್ಟೇ ಬೇರೆ ಆಗುತ್ತಲ್ಲ, ಹಾಗೆ. ವ್ಯಾಗ್‌ಸ್ಟಾಫ್ ಕಾಲಿಟ್ಟದ್ದು ಸರಿಯಾಗಿ ಅದೇ ಸೀಸನ್ನಿನಲ್ಲಿ. ಹಳೆಯ ಆಟದ ಅಭ್ಯಾಸಗಳನ್ನು ಮರೆಯಬೇಕಾದ ಕಷ್ಟ ಅವನಿಗಿರಲಿಲ್ಲ.

ಅವನ ಜಾಗ ಸೆಂಟರ್. ಅಂದರೆ ಮಧ್ಯದಿಂದ ಚೆಂಡು ಹಿಡಿದು, ಎದುರಾಳಿಯನ್ನು ತನ್ನತ್ತ ಎಳೆದುಕೊಂಡು, ಸರಿಯಾದ ಕ್ಷಣಕ್ಕೆ ಅಂಚಿನಲ್ಲಿ ಓಡುತ್ತಿರುವ ವಿಂಗರ್‌ಗೆ ದಾಟಿಸುವವನು. ತಾನೇ ಮಿಂಚುವ ಜಾಗ ಅಲ್ಲ ಅದು, ಪಕ್ಕದವನನ್ನು ಮಿಂಚಿಸುವ ಜಾಗ. 17ನೇ ವಯಸ್ಸಿಗೆ ಯಾರ್ಕ್‌ಷೈರ್ ಕೌಂಟಿ ತಂಡ, ಅದೇ ವಯಸ್ಸಿನಲ್ಲಿ, 1909ರ ಜನವರಿಯಲ್ಲಿ, ಆಸ್ಟ್ರೇಲಿಯಾ ವಿರುದ್ಧ ಇಂಗ್ಲೆಂಡ್ ತಂಡ. ಇಪ್ಪತ್ತರ ಆಸುಪಾಸಿನಲ್ಲಿ ಹಡರ್ಸ್‌ಫೀಲ್ಡಿನ ನಾಯಕ. ತಂಡದಲ್ಲಿ ಅವನಿಗಿಂತ ಹಿರಿಯರು ಬೇಕಾದಷ್ಟು ಜನ ಇದ್ದರು, ಆದರೂ ಮಾತು ನಡೆಯುತ್ತಿದ್ದದ್ದು ಇವನದೇ.

ಆ ತಂಡವೂ ಸಾಮಾನ್ಯದ್ದಲ್ಲ. ಸಿಡ್ನಿಯ ಆಲ್ಬರ್ಟ್ ರೋಸೆನ್‌ಫೆಲ್ಡ್ 1908-09ರಲ್ಲಿ ಆಸ್ಟ್ರೇಲಿಯಾ ತಂಡದ ಜೊತೆ ಪ್ರವಾಸ ಬಂದವನು, ಹಡರ್ಸ್‌ಫೀಲ್ಡಿಗೆ ಸಹಿ ಹಾಕಿ, ಅದೇ ಊರಿನ ಹುಡುಗಿಯನ್ನು ಮದುವೆಯಾಗಿ ಅಲ್ಲೇ ನಿಂತುಬಿಟ್ಟ. 1911-12ರಲ್ಲಿ ಅವನು 78 ಟ್ರೈ ಹೊಡೆದ, 1913-14ರಲ್ಲಿ 80. ಒಂದೇ ಸೀಸನ್ನಿನಲ್ಲಿ 80 ಟ್ರೈಗಳ ಆ ದಾಖಲೆ ಇವತ್ತಿಗೂ ಹಾಗೇ ಇದೆ. ವೇಲ್ಸ್‌ನಿಂದ ಬಂದ ಬೆನ್ ಗ್ರೋನೋ ಗೋಲ್ ಒದೆಯುವುದರಲ್ಲಿ ನಿಪುಣ, ಜಾನಿ ರಾಜರ್ಸ್ ಚುರುಕಿನ ಹಾಫ್‌ಬ್ಯಾಕ್. ಕಂಬರ್‌ಲ್ಯಾಂಡಿನ ಡಗ್ಲಸ್ ಕ್ಲಾರ್ಕ್ ಕಲ್ಲಿದ್ದಲು ವ್ಯಾಪಾರಿ, ಜೊತೆಗೆ ಕುಸ್ತಿ ಪೈಲ್ವಾನ. ನ್ಯೂಜಿಲೆಂಡಿನವರೂ ಇದ್ದರು. ಇವರನ್ನು ಜನ ಸಕಲ ಪ್ರತಿಭೆಗಳ ತಂಡ ಅಂತ ಕರೆಯುತ್ತಿದ್ದರು. ಫಾರ್ವರ್ಡ್‌ಗಳು ಅಂದರೆ ಬರೀ ತಳ್ಳೋಕೆ ಇರುವವರು ಅಂತ ಉಳಿದ ಕ್ಲಬ್ಬುಗಳು ಅಂದುಕೊಂಡಿದ್ದಾಗ ಇಲ್ಲಿ ಅವರೂ ಚೆಂಡು ಹಿಡಿದು ಪಾಸ್ ಕೊಡ್ತಿದ್ದರು. ಇನ್ನೊಂದು ತಂತ್ರವೂ ಇತ್ತು. ಚೆಂಡು ದಾಟಿಸಿದವನು ಅಲ್ಲೇ ಒಂದು ಕ್ಷಣ ನಿಲ್ಲೋದು, ಬೆನ್ನಟ್ಟಿ ಬರುವವನು ಅವನನ್ನು ಸುತ್ತಿಕೊಂಡು ಹೋಗಬೇಕು, ಅಷ್ಟರಲ್ಲಿ ಚೆಂಡು ದೂರ. ಸಿಕ್ಕಿಹಾಕಿಕೊಂಡರೆ ತಪ್ಪು, ಇಲ್ಲದಿದ್ದರೆ ವಿಜ್ಞಾನ! ಆಗಿನವರು ಅದನ್ನು ವೈಜ್ಞಾನಿಕ ಅಡ್ಡಿ ಅಂತಲೇ ಕರೆದರು.

ಈಗ 1914ಕ್ಕೆ ಬರೋಣ. ನನ್ನ ಮಟ್ಟಿಗೆ ಈ ಜೀವನದ ನಡುಗಂಬ ಇದೇ ವರ್ಷ.

ಆ ವರ್ಷ ಬ್ರಿಟನ್ ತಂಡ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿತು. ನಾಯಕ ವ್ಯಾಗ್‌ಸ್ಟಾಫ್, ವಯಸ್ಸು 23. ಸಿಡ್ನಿಯಲ್ಲಿ ಮೊದಲ ಟೆಸ್ಟ್ ಜೂನ್ 27ಕ್ಕೆ, ಬ್ರಿಟನ್ 23-5ರಿಂದ ಗೆದ್ದಿತು. ಎರಡೇ ದಿನದಲ್ಲಿ ಎರಡನೇ ಟೆಸ್ಟ್, ಅದರಲ್ಲಿ 7-12ರಿಂದ ಸೋತಿತು. ಮೂರನೆಯದು ಆಗಸ್ಟಿನಲ್ಲಿ ಮೆಲ್ಬೋರ್ನಿನಲ್ಲಿ ಆಗಬೇಕಿತ್ತು. ಆದರೆ ಆಸ್ಟ್ರೇಲಿಯಾದ ಅಧಿಕಾರಿಗಳು ಅದನ್ನು ಜುಲೈ 4ಕ್ಕೆ, ಸಿಡ್ನಿಗೇ ಎಳೆದು ತಂದರು. ಎಂಟು ದಿನದಲ್ಲಿ ಮೂರು ಟೆಸ್ಟ್! ಗಲ್ಲಾಪೆಟ್ಟಿಗೆ ತುಂಬುತ್ತೆ ಅನ್ನೋ ಲೆಕ್ಕ. ಬ್ರಿಟನ್ ತಂಡದಲ್ಲಿ ಆಗಲೇ ಗಾಯಾಳುಗಳ ಸಾಲು. ವ್ಯವಸ್ಥಾಪಕರು ಪ್ರತಿಭಟಿಸಿದರು, ಊರಿಗೆ ತಂತಿ ಹೋಯಿತು. ಅಲ್ಲಿಂದ ಬಂದ ಆದೇಶ, ಆಡಲೇಬೇಕು ಅಂತ. ಕೂಲಿ ತಪ್ಪಿದವರ ಕಷ್ಟಕ್ಕಾಗಿ ಹುಟ್ಟಿದ ಸಂಘ ಇದು, ಗಾಯಾಳುಗಳ ವಿಷಯಕ್ಕೆ ಬಂದಾಗ ಅದೂ ಮೇಲಿನವರ ಭಾಷೆಯಲ್ಲೇ ಮಾತಾಡಿತು ಅನ್ನೋದು ನನಗೆ ಕಸಿವಿಸಿ ತರುವ ವಿಷಯ.

ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ವಿಂಗರ್ ಫ್ರಾಂಕ್ ವಿಲಿಯಮ್ಸ್‌ನ ಕಾಲಿಗೆ ಪೆಟ್ಟು. ಡಗ್ಲಸ್ ಕ್ಲಾರ್ಕ್‌ನ ಹೆಬ್ಬೆರಳು ಮುರಿಯಿತು. ಕಟ್ಟಿಕೊಂಡು ಆಡಿದ. ಅಂದಿನ ನಿಯಮದಲ್ಲಿ ಬದಲಿ ಆಟಗಾರ ಅನ್ನೋದೇ ಇಲ್ಲ, ಹೊರಗೆ ಹೋದವನ ಜಾಗ ಖಾಲಿ. ಆದರೂ ವಿರಾಮಕ್ಕೆ ಬ್ರಿಟನ್ 9-0 ಮುಂದೆ. ಎರಡನೇ ಅರ್ಧದಲ್ಲಿ ಕ್ಲಾರ್ಕ್‌ನ ಕಾಲರ್‌ಬೋನ್ ಮುರಿಯಿತು. ಅವನು ಮತ್ತೆ ಮೈದಾನಕ್ಕೆ ಬರಲು ನೋಡಿದ, ಆಗಲಿಲ್ಲ. ವಿಲಿಯಮ್ಸ್ ಪೂರ್ತಿ ಹೊರಗಾದ. ಬಿಲ್ಲಿ ಹಾಲ್ ತಲೆಗೆ ಏಟು ಬಿದ್ದು ಪ್ರಜ್ಞೆ ತಪ್ಪಿದ. ಹದಿಮೂರರಲ್ಲಿ ಉಳಿದದ್ದು ಹತ್ತು. ಕಬಡ್ಡಿಯಲ್ಲಾದರೆ ಔಟಾದವನು ಮರಳಿ ಬರ್ತಾನೆ ಅನ್ನೋ ಆಸೆಯಾದರೂ ಇರುತ್ತೆ. ಇಲ್ಲಿ ಎದುರಿಗೆ ಹದಿಮೂರು ಜನ, ಗಡಿಯಾರದಲ್ಲಿ ಇನ್ನೂ ಅರ್ಧ ಗಂಟೆಯ ಹತ್ತಿರ ಆಟ ಬಾಕಿ.

ಸುಮ್ಮನೆ ಗೋಡೆಯಂತೆ ನಿಂತು ತಡೆದಿದ್ದರೂ ಸಾಕಿತ್ತು. ಆದರೆ ವ್ಯಾಗ್‌ಸ್ಟಾಫ್ ದಾರಿ ಕಂಡಲ್ಲಿ ನುಗ್ಗಿದ. ಚೆಂಡು ಹಿಡಿದು ಎದುರಾಳಿಗಳನ್ನು ಸೀಳಿಕೊಂಡು ಹೋಗಿ ಚಿಕ್ ಜಾನ್ಸನ್‌ಗೆ ಪಾಸ್ ಕೊಟ್ಟ. ಜಾನ್ಸನ್ ಅಸಲಿಗೆ ಫಾರ್ವರ್ಡ್, ಗಾಯಾಳುವಿನ ಜಾಗ ತುಂಬಲು ವಿಂಗಿಗೆ ಹೋಗಿ ನಿಂತಿದ್ದವನು. ಅವನು ಚೆಂಡನ್ನು ನೆಲಕ್ಕೆ ಹಾಕಿ ಕಾಲಿನಲ್ಲೇ ತಳ್ಳಿಕೊಂಡು ಓಡಿದ, ಫುಟ್‌ಬಾಲಿನಂತೆ. ಮೊಟ್ಟೆಯಾಕಾರದ ಚೆಂಡನ್ನು ಹಾಗೆ ಓಡಿಸುವುದು ಎಷ್ಟು ಕಷ್ಟ ಅಂತ ಒಮ್ಮೆ ಪ್ರಯತ್ನಿಸಿದವರಿಗೇ ಗೊತ್ತು, ಅದು ಯಾವ ಕಡೆ ಪುಟಿಯುತ್ತೆ ಅಂತ ಹೇಳೋಕಾಗಲ್ಲ. ಅವತ್ತು ಅದು ಜಾನ್ಸನ್‌ನ ಕಾಲಿಗೇ ಅಂಟಿಕೊಂಡು ಹೋಗಿ ಟ್ರೈ ಆಯಿತು. ಆಸ್ಟ್ರೇಲಿಯಾ ಕೊನೆಕೊನೆಗೆ ಎರಡು ಟ್ರೈ ಹೊಡೆದರೂ ಪಂದ್ಯ ಮುಗಿದಾಗ ಲೆಕ್ಕ 14-6. ಆಲ್ಫ್ ವುಡ್ ನಾಲ್ಕು ಗೋಲ್, ಡೇವಿಸ್ ಮತ್ತು ಜಾನ್ಸನ್ ತಲಾ ಒಂದು ಟ್ರೈ. ಟ್ರೈಗೆ ಆಗ ಮೂರೇ ಪಾಯಿಂಟ್, ಗೋಲಿಗೆ ಎರಡು. ಕೂಡಿ ನೋಡಿ, ಸರಿ ಇದೆ.

ಆ ಪಂದ್ಯಕ್ಕೆ ರೋರ್ಕ್ಸ್ ಡ್ರಿಫ್ಟ್ ಟೆಸ್ಟ್ ಅಂತ ಹೆಸರು ಬಿತ್ತು. 1879ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜುಲು ಸೈನ್ಯದ ಎದುರು ಸಣ್ಣ ಬ್ರಿಟಿಷ್ ಪಡೆಯೊಂದು ಕಾದು ಉಳಿದ ಜಾಗದ ಹೆಸರು ಅದು. ಪರರ ನೆಲಕ್ಕೆ ಹೋಗಿ ಮಾಡಿದ ಯುದ್ಧದ ಹೆಸರನ್ನು ಒಂದು ಆಟಕ್ಕೆ ಇಡೋದು ನನಗೆ ಅಷ್ಟೇನೂ ಹಿಡಿಸಲ್ಲ, ಆದರೆ ಆ ಕಾಲದ ಇಂಗ್ಲೆಂಡಿಗೆ ಶೌರ್ಯ ಅಂದ ಕೂಡಲೇ ನೆನಪಾಗುತ್ತಿದ್ದದ್ದು ಅದೇ.

ತಿಂಗಳು ತುಂಬುವಷ್ಟರಲ್ಲಿ ನಿಜವಾದ ಯುದ್ಧವೇ ಬಂತು. ಆಗಸ್ಟ್ 4ಕ್ಕೆ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಆಟಗಾರರು ಊರಿಗೆ ಮರಳಿದಾಗ ಊರು ಬೇರೆಯಾಗಿತ್ತು. ಆಟ ನಿಲ್ಲಿಸಬೇಕೋ ಬೇಡವೋ ಅನ್ನೋ ವಾದದ ನಡುವೆ ನಾರ್ದರ್ನ್ ಯೂನಿಯನ್ 1914-15ರ ಸೀಸನ್ ನಡೆಸಲು ತೀರ್ಮಾನಿಸಿತು. ಗಟ್ಟಿಮುಟ್ಟಾದ ಯುವಕರು ಚೆಂಡಿನ ಹಿಂದೆ ಓಡುವುದನ್ನು ನೋಡಿ ಹುಬ್ಬೇರಿಸಿದವರು ಕಡಿಮೆ ಇರಲಿಲ್ಲ.

ಆಗ ಒಂದು ಕ್ಲಬ್ಬು ಗೆಲ್ಲಬಹುದಾದ ಬಹುಮಾನಗಳು ನಾಲ್ಕು: ಕೌಂಟಿ ಲೀಗ್, ಕೌಂಟಿ ಕಪ್, ಚಾಂಪಿಯನ್‌ಶಿಪ್ ಮತ್ತು ಚಾಲೆಂಜ್ ಕಪ್. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಗೆದ್ದದ್ದು ಅಲ್ಲಿಯವರೆಗೆ ಹನ್ಸ್ಲೆಟ್ ಒಂದೇ, 1907-08ರಲ್ಲಿ. ಹಡರ್ಸ್‌ಫೀಲ್ಡ್ ನವೆಂಬರಿನಲ್ಲಿ ಯಾರ್ಕ್‌ಷೈರ್ ಕಪ್ ಫೈನಲ್‌ನಲ್ಲಿ ಹಲ್ ತಂಡವನ್ನು 31-0ರಿಂದ ಸೋಲಿಸಿತು. ಲೀಗಿನ 34 ಪಂದ್ಯಗಳಲ್ಲಿ ಸೋತದ್ದು ಎರಡು. ಯಾರ್ಕ್‌ಷೈರ್ ಲೀಗ್ ಕೂಡ ಅವರದೇ. ಏಪ್ರಿಲಿನಲ್ಲಿ ವೇಕ್‌ಫೀಲ್ಡಿನಲ್ಲಿ ಚಾಂಪಿಯನ್‌ಶಿಪ್ ಫೈನಲ್, ಲೀಡ್ಸ್ ವಿರುದ್ಧ 35-2. ಮೇ 1ಕ್ಕೆ ಓಲ್ಡಮ್‌ನಲ್ಲಿ ಚಾಲೆಂಜ್ ಕಪ್ ಫೈನಲ್, ಸೇಂಟ್ ಹೆಲೆನ್ಸ್ ವಿರುದ್ಧ 37-3. ಮೂರು ಫೈನಲ್ ಸೇರಿ ಹೊಡೆದದ್ದು 103 ಪಾಯಿಂಟ್, ಬಿಟ್ಟುಕೊಟ್ಟದ್ದು 5. ನಾಲ್ಕು ಕಪ್‌ಗಳ ಈ ಸಾಧನೆ ಮುಂದೆ ಇನ್ನೊಮ್ಮೆ ಮಾತ್ರ ಆಯಿತು, 1927-28ರಲ್ಲಿ ಸ್ವಿಂಟನ್‌ನಿಂದ.

ಕಪ್ಪು ಎತ್ತಿದ ಕೂಡಲೇ ಬಾಗಿಲು ಮುಚ್ಚಿತು. ಯುದ್ಧ ಮುಗಿಯುವವರೆಗೆ ಅಧಿಕೃತ ಸ್ಪರ್ಧೆಗಳು ನಿಂತವು. ಆ ತಂಡದ ಫಾರ್ವರ್ಡ್ ಫ್ರೆಡ್ ಲಾಂಗ್‌ಸ್ಟಾಫ್ 1916ರಲ್ಲಿ ಫ್ರಾನ್ಸ್‌ನಲ್ಲಿ ಸತ್ತ. ಕ್ಲಾರ್ಕ್ 1917ರಲ್ಲಿ ಪ್ಯಾಶೆಂಡೇಲ್ ರಣರಂಗದಲ್ಲಿ ವಿಷಾನಿಲಕ್ಕೆ ಸಿಕ್ಕ, ಬದುಕಿ ಬಂದ, ಮಿಲಿಟರಿ ಮೆಡಲ್ ಪಡೆದ. ವ್ಯಾಗ್‌ಸ್ಟಾಫ್ ಸೇರಿದ್ದು ಸೇನೆಯ ಮೋಟಾರು ಸಾರಿಗೆ ವಿಭಾಗಕ್ಕೆ. ಲಂಡನ್ನಿನ ಗ್ರೋವ್ ಪಾರ್ಕ್‌ನಲ್ಲಿದ್ದ ಆ ವಿಭಾಗದ ರಗ್ಬಿ ತಂಡದಲ್ಲಿ ಅವನ ಜೊತೆ ಕ್ಲಾರ್ಕ್, ಗ್ರೋನೋ, ರೋಸೆನ್‌ಫೆಲ್ಡ್ ಎಲ್ಲ ಇದ್ದರು. ಆಡುತ್ತಿದ್ದದ್ದು ರಗ್ಬಿ ಯೂನಿಯನ್! ದುಡ್ಡು ಮುಟ್ಟಿದವರು ಅಂತ ಹತ್ತಿರ ಸೇರಿಸದ ಆ ಆಟ, ಸಮವಸ್ತ್ರ ಹಾಕಿದ ಕೂಡಲೇ ಇವರಿಗೆ ಬಾಗಿಲು ತೆರೆದಿತ್ತು. 1916-17ರಲ್ಲಿ ಅವರು 26 ಪಂದ್ಯ ಆಡಿ 25 ಗೆದ್ದರು. ಯುದ್ಧ ಮುಗಿದ ಮೇಲೆ ಬಾಗಿಲು ಮತ್ತೆ ಮುಚ್ಚಿತು.

1919-20ರಲ್ಲಿ ಹಡರ್ಸ್‌ಫೀಲ್ಡ್ ಮತ್ತೆ ಅದೇ ದಾರಿ ಹಿಡಿಯಿತು. ಯಾರ್ಕ್‌ಷೈರ್ ಕಪ್ ಬಂತು, ಯಾರ್ಕ್‌ಷೈರ್ ಲೀಗ್ ಬಂತು, ವಿಗನ್ ತಂಡವನ್ನು 21-10ರಿಂದ ಸೋಲಿಸಿ ಚಾಲೆಂಜ್ ಕಪ್ಪೂ ಬಂತು. ಬಾಕಿ ಉಳಿದದ್ದು ಒಂದೇ ಪಂದ್ಯ, ಹಲ್ ವಿರುದ್ಧದ ಚಾಂಪಿಯನ್‌ಶಿಪ್ ಫೈನಲ್. ಎರಡು ಸಲ ನಾಲ್ಕು ಕಪ್ ಗೆದ್ದ ತಂಡ ಇನ್ನೊಂದಿಲ್ಲ ಅನ್ನಿಸಿಕೊಳ್ಳೋಕೆ ಎಂಬತ್ತು ನಿಮಿಷ ದೂರ. ಆದರೆ ಅಷ್ಟರಲ್ಲಿ ಬ್ರಿಟನ್ ತಂಡ ಮತ್ತೆ ಆಸ್ಟ್ರೇಲಿಯಾಕ್ಕೆ ಹೊರಟಾಗಿತ್ತು. ನಾಯಕ ವ್ಯಾಗ್‌ಸ್ಟಾಫ್. ಜೊತೆಗೆ ಕ್ಲಾರ್ಕ್, ಗ್ರೋನೋ, ರಾಜರ್ಸ್, ಗ್ವಿನ್ ಥಾಮಸ್. ಒಂದೇ ಕ್ಲಬ್ಬಿನಿಂದ ಐವರು. ದೇಶ ಕರೆದಾಗ ಕ್ಲಬ್ಬಿಗೆ ಇಲ್ಲ ಅನ್ನೋಕಾಗುತ್ತಾ? ಏಪ್ರಿಲ್ 24ರಂದು ಉಳಿದವರು ಫೈನಲ್ ಆಡಿದರು. ಹಲ್ ತಂಡದ ಬಿಲ್ಲಿ ಬ್ಯಾಟನ್ ಹೊಡೆದ ಒಂದೇ ಟ್ರೈ, ಹಡರ್ಸ್‌ಫೀಲ್ಡಿನ ಒಂದೇ ಗೋಲ್. 3-2. ಒಂದು ಪಾಯಿಂಟಿಗೆ ಸೋಲು. ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಟ್ಟೆ ಉರಿದದ್ದು ಇದೊಂದಕ್ಕೇ. ಆಸ್ಟ್ರೇಲಿಯಾದಲ್ಲೂ ಆ ಸಲ ಸರಣಿ ಕೈತಪ್ಪಿತು.

1921-22ರಲ್ಲಿ ಇಂಗ್ಲೆಂಡಿಗೆ ಬಂದ ಆಸ್ಟ್ರೇಲಿಯಾವನ್ನು ಅವನ ನಾಯಕತ್ವದ ಬ್ರಿಟನ್ 2-1ರಿಂದ ಸೋಲಿಸಿತು. 1925ರಲ್ಲಿ ಆಟ ಬಿಟ್ಟ. ಹಡರ್ಸ್‌ಫೀಲ್ಡ್ ಬಿಟ್ಟು ಬೇರೆ ಯಾವ ವೃತ್ತಿಪರ ಕ್ಲಬ್ಬಿಗೂ ಆಡಲಿಲ್ಲ. ಆಮೇಲೆ ತರಬೇತಿ ಕೊಟ್ಟ, ಪಬ್ ನಡೆಸಿದ. 1939ರ ಜುಲೈ 19ರಂದು ತೀರಿಕೊಂಡಾಗ ಅವನಿಗೆ ಬರೀ 48. ಹೋಮ್‌ಫರ್ತ್‌ನಲ್ಲೇ ಮಣ್ಣು ಮಾಡಿದರು. 1988ರಲ್ಲಿ ರಗ್ಬಿ ಲೀಗ್ ತನ್ನ ಹಾಲ್ ಆಫ್ ಫೇಮ್ ಶುರು ಮಾಡಿ ಮೊದಲಿಗೆ ಒಂಬತ್ತು ಹೆಸರು ಆರಿಸಿತು. ಅದರಲ್ಲಿ ವ್ಯಾಗ್‌ಸ್ಟಾಫ್ ಇದ್ದ. ಅವನ ಹಳೆಯ ಜೊತೆಗಾರ ರೋಸೆನ್‌ಫೆಲ್ಡ್ ಕೂಡ.