ಡೈಕ್‌ಸ್ಟ್ರಾ: ಲ್ಯಾಬ್ ರೆಕಾರ್ಡಿನ ಆಚೆ

ಅಲ್ಗಾರಿದಮ್ ಲ್ಯಾಬಿನಲ್ಲಿ ಈ ಹೆಸರನ್ನು ನಮ್ಮಲ್ಲಿ ಬಹಳ ಜನ ಬರೆದಿದ್ದೇವೆ, ಸರಿಯಾಗಿ ಉಚ್ಚರಿಸಿದವರು ಮಾತ್ರ ಕಡಿಮೆ. ಎಡ್ಸ್‌ಖರ್ ಡೈಕ್‌ಸ್ಟ್ರಾ ಹುಟ್ಟಿದ್ದು 1930ರಲ್ಲಿ, ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ. ತಂದೆ ರಸಾಯನಶಾಸ್ತ್ರಜ್ಞ, ತಾಯಿ ಗಣಿತ ಓದಿದವರು. ಲೈಡನ್‌ನಲ್ಲಿ ಭೌತಶಾಸ್ತ್ರ ಓದುತ್ತಲೇ, 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿ ಸೇರಿದರು. 1957ರಲ್ಲಿ ಮದುವೆ ದಾಖಲೆಯಲ್ಲಿ ಉದ್ಯೋಗ ಪ್ರೋಗ್ರಾಮರ್ ಅಂತ ಬರೆಸಲು ಹೋದರೆ ಅಧಿಕಾರಿಗಳು ಒಪ್ಪಲಿಲ್ಲ. ಅಂಥ ಕೆಲಸವೇ ಇಲ್ಲವಂತೆ! ಕೊನೆಗೆ ಭೌತವಿಜ್ಞಾನಿ ಎಂದೇ ದಾಖಲಾಯಿತು. ನಾವು ಓದುವ ಶಾರ್ಟೆಸ್ಟ್ ಪಾತ್ ಅಷ್ಟರಲ್ಲಾಗಲೇ ಹೊಳೆದಿತ್ತು: ಮದುವೆಯಾಗಲಿದ್ದ ಹುಡುಗಿಯ ಜೊತೆ ಶಾಪಿಂಗ್ ಮುಗಿಸಿ ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಪೆನ್ನು ಕಾಗದ ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು 1968ರ ಒಂದು ಪುಟ್ಟ ಪತ್ರ. ಆಗಿನ ಪ್ರೋಗ್ರಾಮುಗಳ ತುಂಬ ಗೋಟು. ಈ ಸಾಲಿಂದ ಆ ಸಾಲಿಗೆ, ಅಲ್ಲಿಂದ ಇನ್ನೆಲ್ಲಿಗೋ ನೆಗೆತ. ಓಡುತ್ತಿರುವ ಪ್ರೋಗ್ರಾಂ ಈಗ ಎಲ್ಲಿದೆ, ಅಲ್ಲಿಗೆ ಹೇಗೆ ಬಂತು ಅನ್ನೋದು ಕೋಡ್ ಓದಿದರೆ ತಿಳಿಯುತ್ತಿರಲಿಲ್ಲ. ಗೋಟು ಬಿಡಿ ಎಂದರು ಡೈಕ್‌ಸ್ಟ್ರಾ. ಆ ಪತ್ರದ ಪ್ರಸಿದ್ಧ ಶೀರ್ಷಿಕೆ ಮಾತ್ರ ಅವರದ್ದಲ್ಲ, ಸಂಪಾದಕ ನಿಕ್ಲಾಸ್ ವಿರ್ತ್ ಇಟ್ಟದ್ದು. ಜಗಳವೋ ಜಗಳ, ವೇಗ ಕಡಿಮೆಯಾಗುತ್ತೆ ಅಂತ ಬೈದವರು ಎಷ್ಟೋ.

ಗೋಟು ಇಲ್ಲದೆಯೂ ಅದೇ ಕೆಲಸ ಮಾಡಿಸಬಹುದು ಅಂತ ಬೋಮ್ ಮತ್ತು ಯಾಕೊಪೀನಿ 1966ರಲ್ಲೇ ಸಾಧಿಸಿದ್ದರು. ಆದರೆ ಇದ್ದ ಕೋಡಿನಿಂದ ಯಾಂತ್ರಿಕವಾಗಿ ಗೋಟು ಕಿತ್ತು ಹಾಕಬೇಡಿ, ಅದರಿಂದ ಕೋಡ್ ಹೆಚ್ಚು ಸ್ಪಷ್ಟವಾಗುವುದಿಲ್ಲ ಎಂದು ಡೈಕ್‌ಸ್ಟ್ರಾ ಅದೇ ಪತ್ರದಲ್ಲಿ ಎಚ್ಚರಿಸಿದ್ದರು. ಒಂದು ಬಟನ್ ಒತ್ತಿ ರಿಫ್ಯಾಕ್ಟರ್ ಮಾಡುವ ನಾವು ಈ ಭಾಗವನ್ನು ಓದಬೇಕು. ಆ ಪದ ಬಳಕೆಗೆ ಬಂದದ್ದು ತುಂಬ ಆಮೇಲೆ. ನನ್ನ ಅಂದಾಜು, ಅವರು ಅದನ್ನೂ ಪೂರ್ತಿ ಮೆಚ್ಚುತ್ತಿರಲಿಲ್ಲ. ಮೊದಲೇ ಸರಿಯಾಗಿ ಬರೆಯಬೇಕು ಅನ್ನೋ ಹಠದವರು. ಐಂಡ್‌ಹೋವನ್‌ನಲ್ಲಿ ಕಟ್ಟಿದ ಆಪರೇಟಿಂಗ್ ಸಿಸ್ಟಮ್ಮನ್ನು ಪದರ ಪದರವಾಗಿ, ಕೆಳಗಿನದು ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಏರಿಸಿದ್ದರು.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ಪಾಠ. 2002ರ ಆಗಸ್ಟ್ 6ರಂದು ನೆದರ್‌ಲ್ಯಾಂಡ್ಸಿನ ನ್ಯೂನೆನ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಸಾವಿರದ ಮುನ್ನೂರಕ್ಕೂ ಹೆಚ್ಚು ಟಿಪ್ಪಣಿಗಳನ್ನು, ಹೆಚ್ಚಿನವು ಫೌಂಟನ್ ಪೆನ್ನಿನಲ್ಲೇ, ಬರೆದು, ಜೆರಾಕ್ಸ್ ಮಾಡಿ ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಆಸ್ಟಿನ್ ವಿಶ್ವವಿದ್ಯಾಲಯದ ತಾಣದಲ್ಲಿ ಅವುಗಳ ಸ್ಕ್ಯಾನ್ ಪ್ರತಿಗಳು ಸಿಗುತ್ತವೆ; ಅಕ್ಷರ ಎಷ್ಟು ದುಂಡಗಿದೆ ನೋಡಿ!