ಹಾಡಿನಿಂದ ನುಡಿ ಕಲಿಸಿದ ಕೈಲಾಸಂ

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ತೇಕ್ಕಡಿಗೆ ಪ್ರವಾಸ ಹೋಗಿದ್ದೆವು. ಮರುದಿನ ಕುಮಿಳಿಯಿಂದ ಘಟ್ಟದ ತಿರುವುಗಳನ್ನಿಳಿದು ತಮಿಳುನಾಡಿನ ಕಂಬಂ ಪೇಟೆಗೆ ಬಂದೆವು. ಅದು ದ್ರಾಕ್ಷಿ ತೋಟಗಳ ಸೀಮೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರು ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದ ಮೂಲಕ ಈಚೆ ಹರಿದು ಆ ಕಣಿವೆಯನ್ನು ಹಸುರಾಗಿಸಿದೆ. ಬಸ್ ನಿಲ್ದಾಣದ ಬಳಿ ದ್ರಾಕ್ಷಿ ಮಾರುತ್ತಿದ್ದ ಮುದುಕಿಯೊಬ್ಬಳು ಮೊಮ್ಮಗಳನ್ನು ಗದರಿಸುವುದು ನಮ್ಮ ಕಿವಿಗೆ ಬಿತ್ತು. ಗದರಿಸಿದ್ದು ಕನ್ನಡದಲ್ಲಿ! ರಾಗವೆಲ್ಲ ತಮಿಳಿನದು, ಆದರೆ ಮಾತು ಅಪ್ಪಟ ಕನ್ನಡ. ಕಂಬಂ, ತೇನಿ ಕಡೆಗಳಲ್ಲಿ ಕಪ್ಪಿಲಿಯರೆಂದು ಕರೆಯಿಸಿಕೊಳ್ಳುವ ಒಕ್ಕಲಿಗರು ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿದ್ದಾರೆ. ಆದರೆ ಅವರ ಮಕ್ಕಳು ಶಾಲೆಯಲ್ಲಿ ಓದುವುದು ತಮಿಳನ್ನು. ಕಾಸರಗೋಡಿನವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೇಳಬೇಕಾದ ಸಂಗತಿ ಬೇರೆ ಇದೆ. ಗದರಿಕೆ ತಿಂದ ಆ ಏಳೆಂಟು ವರ್ಷದ ಹುಡುಗಿ ನಮ್ಮ ಮಕ್ಕಳನ್ನು ಕಂಡು ಹಿಗ್ಗಿ, ತಲೆ, ಹೆಗಲು, ಮೊಣಕಾಲುಗಳನ್ನು ಮುಟ್ಟಿಕೊಳ್ಳುತ್ತಾ ಇಂಗ್ಲಿಷ್ ಹಾಡೊಂದನ್ನು ಕುಣಿಯುತ್ತಲೇ ಹಾಡಿದಳು. ಹಾಡು ಮುಗಿಸಿ, ನಮ್ಮ ಹುಡುಗರಲ್ಲಿ ಒಬ್ಬನನ್ನು ಹೆಸರೇನು, ಊರೆಲ್ಲಿ ಎಂದು ಇಂಗ್ಲಿಷಿನಲ್ಲೇ ವಿಚಾರಿಸಿದಳು. ಅವನು ಇಂಗ್ಲಿಷ್ ಪರೀಕ್ಷೆಯಲ್ಲಿ ತರಗತಿಗೇ ಮೊದಲಿಗ. ಎರಡು ಪುಟದ ಪ್ರಬಂಧವನ್ನು ಒಂದೂ ತಪ್ಪಿಲ್ಲದೆ ಬರೆಯಬಲ್ಲವನು. ಅವನು ಬಾಯಿ ಬಿಡಲಾರದೆ ನಮ್ಮ ಮುಖ ನೋಡಿದ. ನಾವು ದ್ರಾಕ್ಷಿಯ ಬೆಲೆ ವಿಚಾರಿಸುವ ನೆಪದಲ್ಲಿ ಬೇರೆ ಕಡೆ ನೋಡಿದೆವು. ಅವನಿಗೆ ಕಲಿಸಿದವರು ನಾವೇ ಅಲ್ಲವೇ?

ಊರಿಗೆ ಬಂದ ಮೇಲೆ ಮತ್ತೆ ಮತ್ತೆ ನೆನಪಾದವರು ಕನ್ನಡದ ಪ್ರಹಸನ ಪ್ರಪಿತಾಮಹರೆನಿಸಿದ ಟಿ. ಪಿ. ಕೈಲಾಸಂ. ಅವರ ನಾಟಕಗಳನ್ನು ನೋಡಿ ನಕ್ಕವರು ಬಹಳ ಮಂದಿ. ಭಾಷೆ ಕಲಿಯುವ ಬಗೆಯನ್ನು ಅವರಿಂದ ತಿಳಿದುಕೊಳ್ಳಬಹುದೆಂದು ಯೋಚಿಸಿದವರು ಕಡಿಮೆ.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ, ಮೈಸೂರು ಸಂಸ್ಥಾನದಲ್ಲಿ ನೆಲೆಸಿದ್ದ ತಮಿಳು ಮನೆತನದಲ್ಲಿ. ತಂದೆ ಪರಮಶಿವ ಅಯ್ಯರ್ ಸಂಸ್ಥಾನದ ನ್ಯಾಯಾಧೀಶರು. ರಾಮಾಯಣದ ಲಂಕೆ ಎಲ್ಲಿತ್ತೆಂಬುದನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದ ವಿದ್ವಾಂಸರು. ಚಿಕ್ಕಂದಿನಿಂದಲೂ ಕೈಲಾಸಂ ಕಿವಿಗೆ ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ತಂದೆಯ ಮೇಜಿನ ಸುತ್ತ ಇಂಗ್ಲಿಷು. ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಕೈಲಾಸಂ ಮನೆಯಲ್ಲಿ ಅದರ ತಿರುಗುಮುರುಗು. ನಮ್ಮ ಕಡೆಯ ಮಕ್ಕಳಿಗಾದರೋ ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಇಷ್ಟು ಭಾಷೆಗಳ ನಡುವೆ ಬೆಳೆದವನ ಕಿವಿ ಚುರುಕಾಗಿರುತ್ತದೆಂಬುದನ್ನು ನಾವು ಮಾಷ್ಟ್ರುಗಳು ಮರೆತು, ಅದನ್ನು ಮಕ್ಕಳ ತಲೆಯ ಮೇಲಿನ ಹೊರೆಯೆಂದು ಮಾತ್ರ ಎಣಿಸುತ್ತೇವೆ.

ಕೈಲಾಸಂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದಿದರು. ಉತ್ತಮ ದರ್ಜೆಯಲ್ಲಿ ಗೆದ್ದು, ಸರಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಕಲ್ಲು ಮಣ್ಣುಗಳ ಶಾಸ್ತ್ರ ಅವರಿಗೆ ಚೆನ್ನಾಗಿಯೇ ಒಲಿಯಿತು. ಆದರೆ ಸಂಜೆಯಾಯಿತೆಂದರೆ ಅವರ ಕಾಲು ಎಳೆಯುತ್ತಿದ್ದದ್ದು ನಾಟಕಶಾಲೆಗಳ ಕಡೆಗೆ. ಷೇಕ್ಸ್‌ಪಿಯರನಿಂದ ಹಿಡಿದು ಸಾಮಾನ್ಯ ಜನ ಚಪ್ಪಾಳೆ ತಟ್ಟಿ ಹಾಡುತ್ತಿದ್ದ ಸಂಗೀತಶಾಲೆಗಳ ಲಘು ಹಾಡುಗಳವರೆಗೆ ಎಲ್ಲವೂ ಅವರಿಗೆ ಬೇಕು. ವ್ಯಾಕರಣದ ಇಂಗ್ಲಿಷು ಮದರಾಸಿನಲ್ಲೇ ಬಂದಿತ್ತು. ಆಡುವ ಇಂಗ್ಲಿಷು, ಅದರ ಏರಿಳಿತ, ಚೇಷ್ಟೆ, ಬೈಗುಳ, ಕೊಂಕು, ಇವು ದಕ್ಕಿದ್ದು ರಂಗದ ಮುಂದಿನ ಕುರ್ಚಿಯಲ್ಲಿ ಎಂದು ನಮ್ಮ ನಂಬಿಕೆ. ಯಾಕೆಂದರೆ ಅವರು ಹಿಂದಿರುಗಿ ಬಂದ ಮೇಲೆ ಕೊಟ್ಟದ್ದೆಲ್ಲ ಕಿವಿಯಿಂದ ಹಿಡಿದ ಸರಕು.

1912ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಹಾಡೊಂದು ಹುಟ್ಟಿತು. ಲಂಡನ್ನಿನಲ್ಲಿ ಸಿಕ್ಕಿಬಿದ್ದ ಐರ್ಲೆಂಡಿನವನೊಬ್ಬ ತನ್ನ ಊರು ಟಿಪ್ಪರೆರಿ ಬಹಳ ದೂರವಾಯಿತೆಂದು ಹಲುಬುವ ಹಾಡು. 1914ರಲ್ಲಿ ಮಹಾಯುದ್ಧ ಮೊದಲಾದಾಗ ಸಿಪಾಯಿಗಳು ಹೆಜ್ಜೆ ಹಾಕುತ್ತಾ ಅದನ್ನೇ ಹಾಡಿಕೊಂಡು ರಣರಂಗಕ್ಕೆ ಹೋದರು. ಆಗ ಕೈಲಾಸಂ ಅಲ್ಲಿಯೇ ಇದ್ದರು. ಆ ಧಾಟಿಗೆ ಅವರು ಕನ್ನಡದಲ್ಲಿ ಕಟ್ಟಿದ್ದೇ ತಿಪ್ಪಾರಹಳ್ಳಿಯ ಹಾಡು. ಟಿಪ್ಪರೆರಿ ಎಂಬ ಪರದೇಶದ ಹೆಸರು ಹೋಗಿ, ನಮ್ಮ ತಿಪ್ಪೆ, ಹಟ್ಟಿ, ಎಮ್ಮೆಗಳ ನೆನಪು ತರುವ ತಿಪ್ಪಾರಹಳ್ಳಿ ಬಂತು. ಊರು ದೂರವಾದ ಸಂಕಟ ಮಾತ್ರ ಹಾಗೆಯೇ ಉಳಿಯಿತು. ಇದನ್ನು ಬರಿಯ ಅನುವಾದವೆಂದರೆ ತಪ್ಪಾದೀತು. ಮೂಲದಲ್ಲಿ ಎಲ್ಲಿ ಒತ್ತು ಬೀಳುತ್ತದೆಯೋ ಕನ್ನಡದಲ್ಲೂ ಅಲ್ಲಿಯೇ ಬೀಳುವಂತೆ ಹೆಸರು ಹುಡುಕಿದ್ದು ಕಿವಿಯ ಕೆಲಸ, ನಿಘಂಟಿನದಲ್ಲ.

ಈ ಒತ್ತಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಅಕ್ಷರಕ್ಕೆ ಅಕ್ಷರದ ಬೆಲೆಯನ್ನು ಸಲ್ಲಿಸುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷ್ ಹಾಗಲ್ಲ. ಒಂದು ಪದದಲ್ಲಿ ಒಂದೆಡೆ ಜೋರಾಗಿ ಗುದ್ದಿ ಉಳಿದದ್ದನ್ನು ನುಂಗಿಬಿಡುತ್ತದೆ. ನಮ್ಮ ಮಕ್ಕಳು ಅದನ್ನು ಕನ್ನಡದ ಹಾಗೆ ಸಮನಾಗಿ ಹರಡಿ, ಕೊನೆಗೊಂದು ಉಕಾರ ಸೇರಿಸಿ, ಬಸ್ಸು, ಸ್ಕೂಲು, ಬುಕ್ಕು ಎನ್ನುತ್ತಾರೆ. ಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಹೊರಗಿನವರೊಡನೆ ಮಾತಾಡುವಾಗ ಅವರು ಹೇಳಿದ್ದು ಇವರಿಗಿಲ್ಲ, ಇವರು ಹೇಳಿದ್ದು ಅವರಿಗಿಲ್ಲ. ಕರಿಹಲಗೆಯ ಮೇಲೆ ಗೆರೆ ಎಳೆದು ಒತ್ತು ಕಲಿಸಲು ನಾವು ಎಷ್ಟೋ ವರ್ಷ ಹೆಣಗಿದ್ದೇವೆ. ಹಾಡಿಗೆ ಆ ಕಷ್ಟವೇ ಇಲ್ಲ. ತಾಳ ತಪ್ಪಿದರೆ ಹಾಡೇ ನಿಂತುಹೋಗುವುದರಿಂದ ನಾಲಗೆ ತಾನಾಗಿ ದಾರಿಗೆ ಬರುತ್ತದೆ.

‘ಕೋಳೀಕೆ ರಂಗ’ನ ಕಥೆ ಇನ್ನೂ ಸೊಗಸು. ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದನೆಯ ಊರ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹಾಡುವ ಇಂಗ್ಲಿಷ್ ಹಾಡೊಂದಿತ್ತು. (1930ರಲ್ಲಿ ತುರ್ಕಿಯವರು ಲೋಕವೆಲ್ಲ ಆ ಊರನ್ನು ಇಸ್ತಾಂಬುಲ್ ಎಂದೇ ಕರೆಯಬೇಕೆಂದು ಕೇಳಿಕೊಂಡರು. ಶಾಲೆ ಮಕ್ಕಳಿಗೆ ಅದರಿಂದ ಉಪಕಾರವೇ ಆಯಿತು!) ಕಾಗುಣಿತವಿರುವ ಕನ್ನಡದಲ್ಲಿ ಅಂಥ ಹಾಡು ಸಾಧ್ಯವೇ ಇಲ್ಲವೆಂದು ಯಾರೋ ಕೆಣಕಿದರೆಂದೂ ಕೈಲಾಸಂ ಅದೇ ಧಾಟಿಗೆ ಥಟ್ಟನೆ ಹಾಡು ಕಟ್ಟಿದರೆಂದೂ ಹೇಳುವುದುಂಟು. ಹಳ್ಳಿಯ ಮುಗ್ಧ ರಂಗ ತನ್ನ ಹೆಸರನ್ನು ಒತ್ವ, ಏತ್ವ, ಸೊನ್ನೆಗಳ ಸಮೇತ ಬಿಡಿಸಿ ಹೇಳುತ್ತಾನೆ. ಅಲ್ಲಿಯವರ ಸ್ಪೆಲ್ಲಿಂಗ್ ಇಲ್ಲಿ ಕಾಗುಣಿತವಾಯಿತು. ಒಂದನೆಯ ತರಗತಿಯಲ್ಲಿ ಬೆತ್ತ ಹಿಡಿದು ಕಲಿಸುವ ಪಾಠವನ್ನು ಊರಿಗೆ ಊರೇ ನಗುತ್ತಾ ಬಾಯಿಪಾಠ ಮಾಡಿತು. ಕೈಲಾಸಂ ಪಾಠ ಹೇಳುವ ಉದ್ದೇಶದಿಂದ ಇದನ್ನು ಕಟ್ಟಲಿಲ್ಲ, ನಿಜ. ಉದ್ದೇಶವಿಲ್ಲದ್ದರಿಂದಲೇ ಪಾಠ ಹತ್ತಿತೋ ಏನೋ.

1915ರಲ್ಲಿ ಅವರು ತಾಯ್ನಾಡಿಗೆ ಮರಳಿ ಮೈಸೂರು ಸರಕಾರದ ಭೂಗರ್ಭ ಇಲಾಖೆಯನ್ನು ಸೇರಿದರು. ಒಳ್ಳೆಯ ಸಂಬಳ, ದೊಡ್ಡ ಮನೆತನದ ಹೆಸರು, ಮುಂದೆ ಏರಬಹುದಾದ ಮೆಟ್ಟಿಲುಗಳು, ಎಲ್ಲವೂ ಇದ್ದವು. ಐದಾರು ವರ್ಷಗಳಲ್ಲಿ ಎಲ್ಲವನ್ನೂ ಬಿಟ್ಟರು. ಮನೆಯವರಿಗೆ ಎಷ್ಟು ನೋವಾಗಿರಬಹುದೆಂದು ಊಹಿಸಬಹುದು. ಅಲ್ಲಿಂದಾಚೆ ಅವರದು ಅಲೆಮಾರಿಯ ಬದುಕು. ಸಿಗರೇಟು, ಕುಡಿತ, ಗೆಳೆಯರ ಕೂಟ, ರಾತ್ರಿಯೆಲ್ಲ ಮಾತು. ಬೆಂಗಳೂರಿನಲ್ಲಿ ‘ನೂಕ್’ ಎಂದು ಹೆಸರಿಟ್ಟುಕೊಂಡ ಮೂಲೆಯೊಂದರಲ್ಲಿ ಸ್ನೇಹಿತರನ್ನು ಸೇರಿಸಿಕೊಂಡು ಬಾಳಿದರು. ಇದನ್ನು ಮರೆಮಾಚಿ ಬರೆಯುವುದು ನಮಗೆ ಸರಿಕಾಣದು. ಹಾಗೆಂದು ಅದನ್ನೇ ಕೊಂಡಾಡುವವರ ಪಂಕ್ತಿಗೂ ನಾವು ಸೇರೆವು. ಆ ಬದುಕಿನಿಂದ ಸಂಸಾರವೂ ಬಡವಾಯಿತು, ದೇಹವೂ ಬಡವಾಯಿತು. ಯೌವನದಲ್ಲಿ ಸಾಮು ಮಾಡಿ, ಫುಟ್‌ಬಾಲ್ ಆಡಿ ಬೆಳೆಸಿದ್ದ ಗಟ್ಟಿ ಮೈ ಅದು.

ಅವರು ನಾಟಕಗಳನ್ನು ಕುಳಿತು ಬರೆದದ್ದಕ್ಕಿಂತ ಹೇಳಿ ಬರೆಸಿದ್ದೇ ಹೆಚ್ಚು. ಒಂದೊಂದು ಪಾತ್ರದ ದನಿಯನ್ನೂ ತಾವೇ ಅನುಕರಿಸುತ್ತಾ ಹೇಳಿಕೊಂಡು ಹೋಗುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಆದುದರಿಂದಲೇ ಆ ಪುಸ್ತಕಗಳನ್ನು ಕಣ್ಣಿನಲ್ಲಿ ಓದಿದರೆ ತಡವರಿಸುತ್ತೇವೆ. ಸ್ವರಗಳು ನುಂಗಿಹೋದ, ಒತ್ತಕ್ಷರ ಕಿಕ್ಕಿರಿದ ಸಾಲುಗಳು. ಗಟ್ಟಿಯಾಗಿ ಓದಿದರೆ ಮಾತ್ರ ಬೆಂಗಳೂರಿನ ಬ್ರಾಹ್ಮಣರ ಮನೆಯ ನಡುಮನೆಯೇ ಕಣ್ಣಮುಂದೆ ಬರುತ್ತದೆ. ಪೌರಾಣಿಕ ನಾಟಕಗಳ ಗ್ರಾಂಥಿಕ ಭಾಷೆಯೇ ರಂಗದ ಭಾಷೆಯೆಂದು ತಿಳಿದಿದ್ದ ಕಾಲದಲ್ಲಿ ಅವರು ಆಡುಮಾತನ್ನೂ ಅದರೊಳಗೆ ಸೇರಿಹೋಗಿದ್ದ ಇಂಗ್ಲಿಷನ್ನೂ ಹಾಗೆಯೇ ರಂಗಕ್ಕೆ ತಂದರು. ಮಡಿವಂತರು ಮೂಗು ಮುರಿದರು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ವಕೀಲ ಅಹೋಬ್ಲು ಇಂಗ್ಲಿಷಿನಲ್ಲಿ ಕೊಚ್ಚಿಕೊಳ್ಳುವುದನ್ನು ಕೇಳಿ ಜನ ನಕ್ಕರು. ಆ ನಗುವಿನೊಳಗೆ ಯಾವ ಇಂಗ್ಲಿಷ್ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಬರಿಯ ಜಂಭವಾಗುತ್ತದೆಂಬ ವಿವೇಕವೂ ಸೇರಿತ್ತು. ಪದದ ಅರ್ಥವನ್ನು ನಿಘಂಟು ಹೇಳೀತು. ಅದು ಯಾರ ಬಾಯಲ್ಲಿ ಯಾವಾಗ ಬರಬೇಕೆಂದು ಹೇಳುವುದು ನಾಟಕವೇ.

1918ರ ‘ಟೊಳ್ಳುಗಟ್ಟಿ’ಯನ್ನು ಪ್ರತಿಯೊಬ್ಬ ಅಧ್ಯಾಪಕನೂ ವರ್ಷಕ್ಕೊಮ್ಮೆ ಓದಬೇಕು. ಅಣ್ಣತಮ್ಮಂದಿರಿಬ್ಬರು. ಪುಟ್ಟು ಪರೀಕ್ಷೆಗಾಗಿಯೇ ಹುಟ್ಟಿದವನು, ಪುಸ್ತಕ ಬಿಟ್ಟರೆ ಲೋಕವಿಲ್ಲ. ಮಾಧು ಓದಿನಲ್ಲಿ ಹಿಂದೆ, ಮನೆಯವರ ಕಷ್ಟಸುಖಕ್ಕೆ ಮುಂದೆ. ಆಪತ್ತು ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಿಳಿಯುತ್ತದೆ. ಕಂಬಂ ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕ ನಿಂತಿದ್ದವನು ಪುಟ್ಟುವೇ. ಆದರೆ ಅವನನ್ನು ಹಾಗೆ ಮಾಡಿದ ತಂದೆಯ ಸ್ಥಾನದಲ್ಲಿ ನಾವಿದ್ದೆವು. ಅಂಕ ಕಡಿಮೆಯಾದೀತೆಂಬ ಹೆದರಿಕೆಯಿಂದ ಹತ್ತು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಅರೆದು ಕುಡಿಸಿದ್ದೆವೇ ಹೊರತು, ಒಂದು ದಿನವಾದರೂ ಅವನೊಡನೆ ಇಂಗ್ಲಿಷಿನಲ್ಲಿ ಊಟ ಆಯಿತೇ ಎಂದು ಕೇಳಿದವರಲ್ಲ.

ಈ ದಾರಿ ಕೈಲಾಸಂ ಒಬ್ಬರದೇ ಅಲ್ಲ. 1901ರಲ್ಲಿ ಶಾಂತಿನಿಕೇತನದ ಶಾಲೆ ತೆರೆದ ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗಾಗಿ ತಾವೇ ಇಂಗ್ಲಿಷ್ ಪಾಠಪುಸ್ತಕಗಳನ್ನು ಬರೆದು, ಮೊದಲು ಕಿವಿಯಿಂದ ಕೇಳಿ ಕೈಕಾಲು ಆಡಿಸಿ ಕಲಿಯಲಿ, ಓದುವುದು ಆಮೇಲೆ ಎಂಬ ಕ್ರಮವಿಟ್ಟರು. ನಮ್ಮ ಜಿಲ್ಲೆಯ ನೆರೆಯವರಾದ ಪಂಜೆ ಮಂಗೇಶರಾಯರು ಕನ್ನಡವನ್ನು ಹಾಡಿನಿಂದ ಕಲಿಸಿದ್ದನ್ನು ಈ ಪತ್ರಿಕೆಯ ಓದುಗರಿಗೆ ಹೇಳಹೊರಟರೆ ನಗೆಗೀಡಾದೇವು.

ಕೈಲಾಸಂ ಇಂಗ್ಲಿಷಿನಲ್ಲೂ ನಾಟಕ, ಕವಿತೆಗಳನ್ನು ರಚಿಸಿದರೆಂಬುದು ಹಲವರಿಗೆ ಗೊತ್ತಿಲ್ಲ. 1933ರಲ್ಲಿ ‘ಲಿಟ್ಲ್ ಲೇಸ್ ಅಂಡ್ ಪ್ಲೇಸ್’ ಪ್ರಕಟವಾಯಿತು. ವಿಚಿತ್ರವೆಂದರೆ ನಗೆಯ, ಮನೆವಾರ್ತೆಯ ಕಥೆಗಳಿಗೆ ಅವರು ಕನ್ನಡವನ್ನು ಆರಿಸಿದರು. ಭರತ, ಕರ್ಣ, ಏಕಲವ್ಯರಂಥ ಗಂಭೀರ ಪುರಾಣಪುರುಷರಿಗೆ ಇಂಗ್ಲಿಷನ್ನು. ಅದೂ ಹಳೆಯ ಕಾಲದ, ಭಾರವಾದ ಇಂಗ್ಲಿಷು. ಆ ನಾಟಕಗಳ ನುಡಿ ನಮ್ಮ ಬಾಯಿಗೆ ಅಷ್ಟಾಗಿ ಹಿಡಿಸಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ. ಆದರೆ ಏಕಲವ್ಯನನ್ನು ಕುರಿತ ‘ದಿ ಪರ್ಪಸ್’ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಗುರು ಕಲಿಸಲು ಒಪ್ಪದಿದ್ದಾಗ ಮಣ್ಣಿನ ಮೂರ್ತಿಯ ಎದುರು ನಿಂತು, ಕಂಡದ್ದನ್ನೇ ಅಭ್ಯಾಸ ಮಾಡಿ ವಿದ್ಯೆ ಗೆದ್ದ ಹುಡುಗ ಅವನು. ತನಗಾಗಿ ಹೆಸರು ಬಯಸಿ ಕಲಿತ ಅರ್ಜುನನ ಪಕ್ಕದಲ್ಲಿ, ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಉಳಿಸಲು ಬಿಲ್ಲು ಹಿಡಿದ ಏಕಲವ್ಯನನ್ನು ಕೈಲಾಸಂ ನಿಲ್ಲಿಸಿದರು.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ತಮಿಳು ಮನೆಮಾತಿನವರು, ತಮಿಳು ನಗರದಲ್ಲಿ, ಕನ್ನಡದ ಪೀಠದಲ್ಲಿ ಕುಳಿತದ್ದು ಆ ಕಾಲಕ್ಕೆ ಯಾರಿಗೂ ವಿಶೇಷವೆನಿಸಲಿಲ್ಲವೇನೋ. ಮರುವರ್ಷ, 1946ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 62 ವರ್ಷ.

ಪ್ರವಾಸದಿಂದ ಬಂದ ಮುಂದಿನ ವರ್ಷ ನಾವು ಎಂಟನೆಯ ತರಗತಿಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದೆವು. ವಾರಕ್ಕೊಂದು ಪಾಠದ ಅವಧಿಯಲ್ಲಿ ಪುಸ್ತಕ ಮುಚ್ಚಿ, ಕರಿಹಲಗೆಯ ಮೇಲೆ ಸಂತೆಯ ಚಿತ್ರ ಬರೆದು, ಅರ್ಧ ಮಕ್ಕಳು ಅಂಗಡಿಯವರು, ಅರ್ಧ ಗಿರಾಕಿಗಳು. ಬೆಲೆ ಕೇಳಬೇಕು, ಚೌಕಾಶಿ ಮಾಡಬೇಕು, ಜಗಳವಾಡಬೇಕು, ಎಲ್ಲವೂ ಇಂಗ್ಲಿಷಿನಲ್ಲೇ. ಕೊನೆಗೆ ಹಾಡು: ಒಂದು ಸಾಲು ಟಿಪ್ಪರೆರಿ, ಒಂದು ಸಾಲು ತಿಪ್ಪಾರಹಳ್ಳಿ, ಮೇಜು ಬಡಿದು ತಾಳ. ಮೊದಲ ವಾರ ಹುಡುಗಿಯರು ನಾಚಿಕೊಂಡರು. ಮೂರನೆಯ ವಾರ ನಾವು ತಪ್ಪಿದ ಒತ್ತನ್ನು ಹಿಂದಿನ ಬೆಂಚಿನವನೊಬ್ಬ ತಿದ್ದಿದ. ಆ ವರ್ಷ ಪಾಠಗಳು ಸಮಯಕ್ಕೆ ಮುಗಿಯಲಿಲ್ಲ. ಕೊನೆಯ ಎರಡು ಪಾಠಗಳನ್ನು ಓಡಿಸಬೇಕಾಯಿತು. ಪಕ್ಕದ ಕೋಣೆಯಲ್ಲಿ ಗಣಿತ ಹೇಳುತ್ತಿದ್ದ ಮಾಷ್ಟ್ರು ಎರಡು ಸಲ ಬಂದು, ಏನೂ ಹೇಳದೆ, ನಮ್ಮ ಕಿಟಕಿಯನ್ನು ಮುಚ್ಚಿ ಹೋದರು. ಮೂರನೆಯ ಸಲ ಬಂದವರು ಬಾಗಿಲಲ್ಲೇ ನಿಂತು ಹಾಡು ಮುಗಿಯುವ ತನಕ ಕೇಳಿ, ತಿಪ್ಪಾರಹಳ್ಳಿ ಯಾವ ತಾಲೂಕಿನಲ್ಲಿದೆ ಮಾಷ್ಟ್ರೇ ಎಂದು ವಿಚಾರಿಸಿದರು.