ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (19 ಮಾರ್ಚ್ 1876 – 4 ಜುಲೈ 1955) ಭಾರತೀಯ ಕ್ರಿಕೆಟ್‌ನ ಆರಂಭಕಾಲದ ಶ್ರೇಷ್ಠ ಬೌಲರ್‌ಗಳಲ್ಲಿ ಒಬ್ಬರು. ಧಾರವಾಡದಲ್ಲಿ ಜನಿಸಿದ ಇವರು ಎಡಗೈ ಸ್ಪಿನ್ ಬೌಲರ್ ಆಗಿದ್ದರು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡದ ಪರವಾಗಿ ನೂರಕ್ಕೂ ಹೆಚ್ಚು ವಿಕೆಟ್‌ಗಳನ್ನು ಪಡೆದರು. ಅಸ್ಪೃಶ್ಯವೆಂದು ದೂರವಿರಿಸಲಾಗಿದ್ದ ಸಮುದಾಯದಿಂದ ಬಂದ ಬಾಲೂ ತಮ್ಮ ಕಾಲದ ಅಗ್ರ ಬೌಲರ್ ಎನಿಸಿದರೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ಕೊನೆಯವರೆಗೂ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಲೂ ಅವರು 1876ರಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಜನಿಸಿದರು. ಇವರ ಕುಟುಂಬದ ಮೂಲ ಕೊಂಕಣ ತೀರದ ಪಲ್ವನ್ ಗ್ರಾಮ. ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ಹೊಂದಿದ್ದ ಚಾಂಭಾರ್ ಸಮುದಾಯಕ್ಕೆ ಸೇರಿದವರು. ತಂದೆ ಸೈನ್ಯದಲ್ಲಿ ಕೆಲಸದಲ್ಲಿದ್ದುದರಿಂದ ಬಾಲ್ಯ ಪುಣೆಯಲ್ಲಿ ಕಳೆಯಿತು. ಸೈನ್ಯಾಧಿಕಾರಿಗಳು ಆಡಿ ಬಿಟ್ಟ ಸಲಕರಣೆಗಳಿಂದ ಬಾಲೂ ಮತ್ತು ತಮ್ಮಂದಿರು ಕ್ರಿಕೆಟ್ ಕಲಿತರು. ತಮ್ಮಂದಿರಾದ ಶಿವರಾಮ್, ಗಣಪತ್ ಮತ್ತು ವಿಠ್ಠಲ್ ಸಹ ಮುಂದೆ ಹೆಸರಾಂತ ಆಟಗಾರರಾದರು.

ಪುಣೆಯ ದಿನಗಳು

ಬಾಲೂ ಅವರ ಮೊದಲ ಉದ್ಯೋಗ ಪಾರ್ಸಿ ಕ್ರಿಕೆಟ್ ಕ್ಲಬ್ಬೊಂದರಲ್ಲಿ. ಮೈದಾನ ಗುಡಿಸಿ, ಪಿಚ್ಚಿನ ಮೇಲೆ ರೋಲರ್ ಎಳೆಯುವ ಕೆಲಸಕ್ಕೆ ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಸಂಬಳ 4 ರೂಪಾಯಿ ಆಯಿತು. ಪಿಚ್ ಸಿದ್ಧಪಡಿಸುವುದು, ಅಭ್ಯಾಸಕ್ಕೆ ಬಲೆ ಕಟ್ಟುವುದು ಅವರ ಕೆಲಸವಾಗಿತ್ತು. ಕ್ಲಬ್ಬಿನ ಸದಸ್ಯರು ಅಭ್ಯಾಸಕ್ಕಾಗಿ ಅವರಿಂದ ಬೌಲಿಂಗ್ ಮಾಡಿಸಲಾರಂಭಿಸಿದರು. ಹ್ಯಾಂಪ್‌ಶೈರ್ ಕೌಂಟಿಯ ಪರವಾಗಿಯೂ ಆಡಿದ ಸೈನ್ಯಾಧಿಕಾರಿ ಜೆ. ಜಿ. ಗ್ರೇಗ್ ಅವರು ಬಾಲೂ ಅವರ ಎಸೆತಗಳನ್ನು ಗಂಟೆಗಟ್ಟಲೆ ಎದುರಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಗ್ರೇಗ್ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ. ಆದರೆ ಬ್ಯಾಟಿಂಗ್ ಮಾಡುವ ಅವಕಾಶ ಬಾಲೂ ಅವರಿಗೆ ಅಲ್ಲಿ ಸಿಗಲಿಲ್ಲ.

ಪುಣೆಯ ಹಿಂದೂ ಕ್ಲಬ್ಬು ಯುರೋಪಿಯನ್ನರನ್ನು ಸೋಲಿಸಬೇಕಾದರೆ ಬಾಲೂ ಬೇಕಾಗಿತ್ತು. ಚರ್ಚೆಯ ನಂತರ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಲಾಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ವಿರಾಮದ ವೇಳೆಯಲ್ಲಿ ಮಾತ್ರ ಚಹಾವನ್ನು ಪೆವಿಲಿಯನ್‌ನ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ ಕೊಡಲಾಗುತ್ತಿತ್ತು. ಊಟಕ್ಕೂ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಮೇಜು. ಗೆಲುವುಗಳು ಹೆಚ್ಚಿದಂತೆ ಈ ನಡವಳಿಕೆ ಸ್ವಲ್ಪಮಟ್ಟಿಗೆ ಸಡಿಲವಾಯಿತು. ಮಹಾದೇವ ಗೋವಿಂದ ರಾನಡೆ ಅವರಂತಹ ಸುಧಾರಕರು ಬಹಿರಂಗವಾಗಿ ಅವರನ್ನು ಮೆಚ್ಚಿಕೊಂಡರು.

ಮುಂಬಯಿ ಮತ್ತು 1906ರ ಪಂದ್ಯ

ಮುಂಬಯಿಗೆ ಬಂದ ಬಾಲೂ ರೈಲ್ವೆಯಲ್ಲಿ ಉದ್ಯೋಗ ಪಡೆದು ಹಿಂದೂ ಜಿಮ್ಖಾನಾ ಪರ ಆಡಿದರು. 1906ರ ಫೆಬ್ರವರಿಯಲ್ಲಿ ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಎದುರಿಸಿತು. ಹಿಂದೂ ತಂಡ 242 ಮತ್ತು 160, ಯುರೋಪಿಯನ್ನರು 191 ಮತ್ತು 102 ರನ್ ಗಳಿಸಿದರು. 109 ರನ್‌ಗಳ ಈ ಗೆಲುವಿನಲ್ಲಿ ಬಾಲೂ ಅವರ ಬೌಲಿಂಗ್ ನಿರ್ಣಾಯಕವಾಗಿತ್ತು. ಸ್ವದೇಶಿ ಚಳವಳಿಯ ಕಾವಿನ ಆ ದಿನಗಳಲ್ಲಿ ಗೆಲುವಿಗೆ ಆಟವನ್ನು ಮೀರಿದ ಅರ್ಥ ಬಂದಿತು. ಸುಧಾರಣಾವಾದಿ ಪತ್ರಿಕೆಗಳು ಅದನ್ನು ಜಾತಿಭೇದದ ವಿರುದ್ಧದ ಪಾಠವೆಂದೂ ಬಣ್ಣಿಸಿದವು.

ಇಂಗ್ಲೆಂಡ್ ಪ್ರವಾಸ

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಹಿಂದೂ, ಮುಸ್ಲಿಂ ಮತ್ತು ಪಾರ್ಸಿ ಆಟಗಾರರ ತಂಡ ಇಂಗ್ಲೆಂಡಿಗೆ ತೆರಳಿತು. ಶಿವರಾಮ್ ಸಹ ತಂಡದಲ್ಲಿದ್ದರು. ತಂಡವು ಹೆಚ್ಚಿನ ಪಂದ್ಯಗಳನ್ನು ಸೋತಿತು. ಕೌಂಟಿ ತಂಡಗಳಾದ ಲೀಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ವಿರುದ್ಧ ಗೆದ್ದಿತು. ಸೋಲಿನ ನಡುವೆಯೂ ಬಾಲೂ ಎದ್ದು ಕಂಡರು. ಎಲ್ಲ ಪಂದ್ಯಗಳಿಂದ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಇವುಗಳಲ್ಲಿ 75 ವಿಕೆಟ್‌ಗಳು ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದವು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್‌ಗಳಿಗೆ 8 ವಿಕೆಟ್ ಪಡೆದದ್ದು ಅವರ ಅತ್ಯುತ್ತಮ ಸಾಧನೆ. ವೇಗಕ್ಕಿಂತ ನಿಖರತೆ ಮತ್ತು ತಿರುವನ್ನು ನೆಚ್ಚಿದ ಅವರ ಶೈಲಿಯನ್ನು ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸ್ ಅವರ ಶೈಲಿಗೆ ಹೋಲಿಸಲಾಗುತ್ತದೆ. ತಾಯ್ನಾಡಿಗೆ ಮರಳಿದಾಗ ಮುಂಬಯಿಯ ದಲಿತ ಸಮುದಾಯ ಅವರನ್ನು ಸನ್ಮಾನಿಸಿತು. ತರುಣ ಬಿ. ಆರ್. ಅಂಬೇಡ್ಕರ್ ಅವರ ಅಭಿಮಾನಿಯಾಗಿದ್ದರು.

ನಾಯಕತ್ವದ ಪ್ರಶ್ನೆ

ಇಷ್ಟೆಲ್ಲ ಸಾಧನೆಯ ನಂತರವೂ ನಾಯಕತ್ವ ಮೇಲ್ಜಾತಿಯ ಆಟಗಾರರಿಗೇ ಮೀಸಲಾಗಿತ್ತು. 1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ನಾಯಕ ಎಂ. ಡಿ. ಪೈ ಅಸ್ವಸ್ಥರಾದಾಗ ಡಿ. ಬಿ. ದೇವಧರ್ ಅವರನ್ನು ನೇಮಿಸಿ, ಬಾಲೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ವಿಠ್ಠಲ್ ಮತ್ತು ಶಿವರಾಮ್ ಪ್ರತಿಭಟಿಸಿ ಹೊರಗುಳಿದರು. ಕೊನೆಗೆ ರಾಜಿಯಾಗಿ ಪೈ ನಾಯಕರಾಗಿ ಮರಳಿದರು, ಬಾಲೂ ಉಪನಾಯಕರಾದರು. ಪೈ ಮೈದಾನದಿಂದ ಹೊರನಡೆದಾಗ ಬಾಲೂ ಸ್ವಲ್ಪ ಹೊತ್ತು ತಂಡವನ್ನು ಮುನ್ನಡೆಸಿದರು. ಅಣ್ಣನಿಗೆ ದಕ್ಕದ ಗೌರವ 1923ರಲ್ಲಿ ತಮ್ಮ ವಿಠ್ಠಲ್ ಅವರಿಗೆ ದೊರೆಯಿತು. ಅವರ ನಾಯಕತ್ವದಲ್ಲಿ ಹಿಂದೂ ತಂಡ ಆ ವರ್ಷ ಪ್ರಶಸ್ತಿ ಗೆದ್ದಿತು.

ಬಾಲೂ ಒಟ್ಟು 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದಿದ್ದಾರೆ.

ರಾಜಕೀಯ ಜೀವನ ಮತ್ತು ನಿಧನ

ನಿವೃತ್ತಿಯ ನಂತರ ಬಾಲೂ ಗಾಂಧೀಜಿಯವರ ಕಾರ್ಯಕ್ಕೆ ಬೆಂಬಲ ನೀಡಿದರು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ನೀಡುವ ವಿಷಯದಲ್ಲಿ ಅಂಬೇಡ್ಕರ್ ಅವರೊಂದಿಗೆ ಭಿನ್ನಾಭಿಪ್ರಾಯ ಹೊಂದಿದ್ದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ, ಒಮ್ಮೆ ತಮ್ಮ ಅಭಿಮಾನಿಯಾಗಿದ್ದ ಅಂಬೇಡ್ಕರ್ ಅವರ ವಿರುದ್ಧವೇ ಸ್ಪರ್ಧಿಸಿದರು. ಅಂಬೇಡ್ಕರ್ 13,245 ಮತಗಳನ್ನೂ ಬಾಲೂ 11,225 ಮತಗಳನ್ನೂ ಪಡೆದರು.

ಬಾಲೂ 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ದೀರ್ಘಕಾಲ ಮರೆವಿಗೆ ಸರಿದಿದ್ದ ಅವರ ಬದುಕನ್ನು ಇತಿಹಾಸಕಾರ ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟವಾದ ತಮ್ಮ ಕ್ರಿಕೆಟ್ ಇತಿಹಾಸ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾರೆ.